ದೊರೆಗೆ ಬಂದ ಪಾಲಕಿ

ತಂಗಿ ಫೋನ್ ಮಾಡಿ ಕರೆದದ್ದಕ್ಕೆ ಕಾರಣವೇ ಇರಲಿಲ್ಲ. "ಎರಡು ದಿನ ಬಂದು ಸುಮ್ನೆ ಬಿದ್ಕೊಳ್ಳೇ. ಕೆಲಸ ಮಾಡೋಕೆ ಬಂದ್ರೆ ಬಾಗಿಲು ತೆಗೆಯಲ್ಲ" ಅಂದಿದ್ದಳು, ಅಷ್ಟೆ. ಹನ್ನೊಂದು ವರ್ಷಗಳಿಂದ ಬೇರೆಯವರ ಪ್ಯಾಂಟಿನ ಉದ್ದ ಕಡಿಮೆ ಮಾಡುತ್ತ, ಕೆಟ್ಟ ಜಿಪ್ಪು ಬದಲಿಸುತ್ತ ಕತ್ತು ಬಗ್ಗಿಸಿ ಕೂತಿದ್ದ ಟೈಲರಮ್ಮನಿಗೆ ಆ ಮಾತು ಕೇಳಿಯೇ ಅರ್ಧ ನಿದ್ದೆ ಬಂದಂತಾಯಿತು. ಅಡ್ಡಿ ಒಂದೇ: ದೊರೆ.

ದೊರೆ ಎಂದರೆ ಅವಳ ನಾಯಿ, ಹದಿಮೂರು ವರ್ಷದ ಮುದುಕ. ದಿನಕ್ಕೆ ಮೂರು ಸಲ ಕಣ್ಣಿಗೆ ಔಷಧಿ ಬಿಡಬೇಕು. ಬಿಡುವಾಗ ಯಾರಾದರೂ ಹೊಗಳುತ್ತಲೇ ಇರಬೇಕು, ಇಲ್ಲದಿದ್ದರೆ ಮಹಾಶಯ ಕಣ್ಣೇ ತೆರೆಯುವುದಿಲ್ಲ.

ಆರು ವರ್ಷಗಳಿಂದ ಹೊರಗೆ ಹೋಗುವಾಗ ಕೀಲಿಕೈಯನ್ನು ಎದುರುಮನೆ ಅಕ್ಕನಿಗೆ ಕೊಟ್ಟು ಹೋಗುತ್ತಿದ್ದಳು. ಅಕ್ಕ ಒಂದು ಕಾಸೂ ಮುಟ್ಟಿದವರಲ್ಲ. ಬದಲಿಗೆ ಮಾತಾಡುತ್ತಿದ್ದರು. "ಇವಳ ದೊರೆ ಸೇವೆ ಮಾಡೋಕೆ ಹೋಗಿ ನನ್ನ ಸೊಂಟ ಹಿಡ್ಕೊಂಡುಬಿಡ್ತು" ಎಂದು ಮೆಟ್ಟಿಲ ಮೇಲೆ ನಿಂತು ಮೂರು ಮಹಡಿಗೂ ಕೇಳುವ ಹಾಗೆ ಹೇಳುವರು. ಆಮೇಲೆ ಒಂದು ಕಟ್ಟು ಪರದೆ ತಂದಿಟ್ಟು, "ಅಂಚು ಹೊಲಿದುಬಿಡೇ, ನಿನಗೇನು ಎರಡು ನಿಮಿಷದ ಕೆಲಸ" ಅನ್ನುವರು. ಹೋದ ಸಲ ಒಂದೇ ಒಂದು ರಾತ್ರಿ ಹೊರಗಿದ್ದು ಬಂದದ್ದಕ್ಕೆ ಹದಿನಾಲ್ಕು ಪರದೆ ಹೊಲಿದಿದ್ದಳು.

ಈ ಸಲ ಯಾರ ಹಂಗೂ ಬೇಡ ಎಂದುಕೊಂಡು, ಸಾಕುಪ್ರಾಣಿ ನೋಡಿಕೊಳ್ಳಲು ಜನ ಕಳಿಸುವ ಆ್ಯಪ್ ತೆರೆದಳು. 'ದಿನಕ್ಕೆ ಮುನ್ನೂರರಿಂದ ಆರಂಭ' ಎಂದು ದೊಡ್ಡದಾಗಿ ಬರೆದಿತ್ತು. ಎರಡು ದಿನಕ್ಕೆ ಆರುನೂರು, ಪರವಾಗಿಲ್ಲ. ನಾಯಿಯ ವಯಸ್ಸು ಕೇಳಿತು. ನಿಜ ಹೇಳಿದ ತಪ್ಪಿಗೆ ಹಿರಿಯ ಪ್ರಾಣಿ ಶುಲ್ಕ ಬಿತ್ತು. ಕಣ್ಣಿನ ಔಷಧಿಗೆ ಪ್ರತಿ ಸಲಕ್ಕೂ ಬೇರೆ. ಶನಿವಾರ ಭಾನುವಾರಗಳನ್ನು ಇವಳೇ ಕಂಡುಹಿಡಿದಳೇನೋ ಎಂಬಂತೆ ಅದಕ್ಕೊಂದಿಷ್ಟು. ಕೊನೆಗೆ, ಇಷ್ಟೆಲ್ಲ ಕೂಡಿಸಿದ ಶ್ರಮಕ್ಕೆ ಸೇವಾ ಶುಲ್ಕ. ಆರುನೂರು ಹೋಗಿ ಸಾವಿರದ ನಾನೂರ ಅರವತ್ತಾಗಿ ನಿಂತಿತು. ಆದರೂ ಹದಿನಾಲ್ಕು ಪರದೆಗಳನ್ನು ನೆನೆದು ಗುಂಡಿ ಒತ್ತಿದಳು.

ಶನಿವಾರ ಬೆಳಿಗ್ಗೆ ಚೀಲ ಹಿಡಿದು ಕಾದಳು. 'ನಿಮ್ಮ ಪಾಲಕಿ ನಾಲ್ಕು ಮೀಟರ್ ದೂರದಲ್ಲಿದ್ದಾರೆ' ಎಂದಿತು ಫೋನು. ಅರ್ಧ ಗಂಟೆಯಾದರೂ ಅದೇ ನಾಲ್ಕು ಮೀಟರ್.

"ಅಷ್ಟೊಂದು ದುಡ್ಡು ತಿಂದು ದೂರ ಅಳೆಯೋಕೂ ಬರಲ್ವಲ್ಲೋ ಇದಕ್ಕೆ" ಎಂದು ದೊರೆಗೆ ಹೇಳುತ್ತಿರುವಾಗ ಬಾಗಿಲ ಗಂಟೆ ಸದ್ದಾಯಿತು.

ಕಿತ್ತಳೆ ಬಣ್ಣದ ಕೋಟು ತೊಟ್ಟು, ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡು ಎದುರುಮನೆ ಅಕ್ಕ ನಿಂತಿದ್ದರು.

"ನಮಸ್ಕಾರ. ನಾನು ನಿಮ್ಮ ಮುದ್ದು ಜೀವದ..."

"ಅಕ್ಕಾ! ನೀವಾ?"

"ಪೂರ್ತಿ ಹೇಳೋಕೆ ಬಿಡು, ರೆಕಾರ್ಡ್ ಆಗುತ್ತೆ. ಮುದ್ದು ಜೀವದ ಈ ದಿನದ ಪಾಲಕಿ." ಫೋನನ್ನು ಜೇಬಿಗೆ ಹಾಕಿ ಸೊಂಟಕ್ಕೆ ಕೈ ಕೊಟ್ಟರು. "ನನ್ನನ್ನ ಬಿಟ್ಟು ಆ್ಯಪ್‌ಗೆ ಹೇಳಿದ್ಯಾ ನೀನು?"

"ನನಗೆ ಒಂದು ಮಾತೂ ಹೇಳದೆ ಆ್ಯಪ್ ಸೇರಿದ್ರಾ ನೀವು?"

"ಅದು ವಿಳಾಸ ತೋರಿಸಿದ್ದೇ ಇವತ್ತು ಬೆಳಿಗ್ಗೆ" ಅಂದರು ಅಕ್ಕ. "ಅರ್ಧ ಗಂಟೆಯಿಂದ ಕೋಟು ಹಾಕ್ಕೊಂಡು ಬಾಗಿಲ ಹಿಂದೆ ನಿಂತಿದೀನಿ."

"ಕ್ಯಾನ್ಸಲ್ ಮಾಡಿಬಿಡ್ಲಾ?"

"ನಿನ್ನ ದುಡ್ಡು ವಾಪಸ್ ಬರಲ್ಲ. ನನ್ನ ಅರ್ಧ ಸ್ಟಾರ್ ಹೋಗುತ್ತೆ. ಎಷ್ಟು ಕೊಟ್ಟೆ?"

"ಸಾವಿರದ ನಾನೂರ ಅರವತ್ತು."

"ಅಯ್ಯೋ! ನನ್ನ ಕೈಗೆ ಬರೋದು ಆರುನೂರು ಕಣೇ."

ಇಬ್ಬರೂ ಒಟ್ಟಿಗೆ, ಎರಡು ಬಾಗಿಲುಗಳ ನಡುವಿನ ನೆಲವನ್ನು ನೋಡಿದರು. ಆ ನಾಲ್ಕು ಮೀಟರ್ ದಾಟುವಷ್ಟರಲ್ಲಿ ಎಂಟುನೂರ ಅರವತ್ತು ಮಾಯವಾಗಿತ್ತು.

ಅಕ್ಕ ಒಳಗೆ ಬಂದು ಫಾರಂ ತುಂಬತೊಡಗಿದರು. "ಈ ಪ್ರಾಣಿ ಹಿಂದೆ ಯಾರನ್ನಾದರೂ ಕಚ್ಚಿದೆಯೇ?"

"ನಿಮ್ಮನ್ನೇ, ಅಕ್ಕ."

"ನನಗೆ ಗೊತ್ತು. ನೀನು ಹೇಳ್ಬೇಕು, ನಾನು ಬರ್ಕೋಬೇಕು."

ಟೈಲರಮ್ಮನಿಗೆ ನಗು ಬಂತು, ಜೊತೆಗೆ ಎಲ್ಲೋ ಚುಚ್ಚಿತು. "ದುಡ್ಡು ಬೇಕಿದ್ರೆ ನನ್ನನ್ನೇ ಕೇಳ್ಬಹುದಿತ್ತಲ್ಲ?"

ಅಕ್ಕ ಕೋಟಿನ ಗುಂಡಿ ತಿರುವಿದರು. "ಎದುರುಮನೆಯವಳ ಹತ್ರ ಹೇಗೆ ಕೇಳೋದೇ? ಬಾಯಿ ಬರಲ್ಲ. ಸೊಂಟ ನೋವು ಅನ್ನೋಕಾದ್ರೆ ಬಾಯಿ ಬರುತ್ತೆ."

"ಮತ್ತೆ ಆ ಪರದೆಗಳು?"

"ನಮ್ಮನೇಲಿ ಇರೋದೇ ಮೂರು ಕಿಟಕಿ. ಮಾಡಿದ್ದಕ್ಕೆ ಏನೋ ಒಂದು ಕೈಗೆ ಬರ್ಲಿ ಅಂತ ನೆಂಟರ ಮನೆಯವನ್ನೂ ತರ್ತಿದ್ದೆ."

ಬಸ್ಸಿನಲ್ಲಿ ಕೂತ ಮೇಲೆ ಟೈಲರಮ್ಮನಿಗೆ ಅದೇ ಯೋಚನೆ. ಆರು ವರ್ಷ ಮೆಟ್ಟಿಲ ಮೇಲೆ ಅಕ್ಕ ಕೂಗಿದ್ದೆಲ್ಲ ಬಿಲ್ಲೇ ಆಗಿತ್ತು. ಓದಲು ಇವಳಿಗೆ ಬಂದಿರಲಿಲ್ಲ, ಅಷ್ಟೆ. ಹೊತ್ತುಹೊತ್ತಿಗೆ ಫೋನಿಗೆ ವರದಿ ಬರುತ್ತಿತ್ತು: 'ದೊರೆಯವರು ಊಟ ಮಾಡಿದರು. ಕಣ್ಣಿಗೆ ಔಷಧಿ ಬಿಡಲಾಯಿತು. ಹೊಗಳಲಾಯಿತು.' ತಂಗಿಯ ಮನೆಯಲ್ಲಿ ಅವಳು ಎರಡು ದಿನ ಕಲ್ಲಿನಂತೆ ಮಲಗಿದಳು.

ವಾಪಸು ಬಂದವಳು ಹೇಳಿದಳು: "ಇನ್ಮೇಲೆ ಆ್ಯಪ್ ಬೇಡ ಅಕ್ಕ. ಸಾವಿರ ನಿಮ್ಮ ಕೈಗೇ ಕೊಡ್ತೀನಿ. ನಿಮಗೂ ಲಾಭ, ನನಗೂ ಲಾಭ."

ಅಕ್ಕನ ಮುಖ ಅರಳಲಿಲ್ಲ. "ದುಡ್ಡೇನೋ ಸರಿ. ಸ್ಟಾರ್ ಯಾರು ಕೊಡ್ತಾರೆ?"

"ಸ್ಟಾರ್ ತಗೊಂಡು ಏನು ಮಾಡ್ತೀರಾ?"

"ಮೂವತ್ತೆರಡು ವರ್ಷ ಅಡುಗೆ ಮಾಡಿದೀನಿ. ಉಪ್ಪು ಕಡಿಮೆಯಾದ ದಿನ ಮಾತ್ರ ನಮ್ಮನೇಲಿ ನನ್ನ ಹೆಸರು ನೆನಪಾಗೋದು. ಇಲ್ಲಿ ನೋಡು, ಯಾರೋ ಗುರುತಿಲ್ಲದವರು, 'ತುಂಬ ಚೆನ್ನಾಗಿ ನೋಡಿಕೊಂಡರು' ಅಂತ ಬರೆದಿದಾರೆ. ದಿನಾ ಎದ್ದು ಮೊದಲು ಇದನ್ನೇ ಓದ್ತೀನಿ."

ಟೈಲರಮ್ಮ ಹೊಲಿಗೆ ಯಂತ್ರದ ಮುಂದೆ ಕೂತು, ಹೊಲಿಗೆ ಹಾಕುವಷ್ಟೇ ಎಚ್ಚರದಿಂದ ಐದು ಸ್ಟಾರ್ ಒತ್ತಿ ಬರೆದಳು: 'ನಾಯಿ ಕಚ್ಚಿದ್ದರೂ, ಸೊಂಟ ನೋವಿದ್ದರೂ, ಆರು ವರ್ಷಗಳಿಂದ ಇವರಷ್ಟು ಪ್ರೀತಿಯಿಂದ ಯಾರೂ ನೋಡಿಕೊಂಡಿಲ್ಲ.' ಸ್ಟಾರಿಗೋಸ್ಕರ ತಿಂಗಳಿಗೊಮ್ಮೆ, ಎಲ್ಲಕ್ಕಿಂತ ಅಗ್ಗದ ಕಾಲು ಗಂಟೆಯ ವಾಕಿಂಗನ್ನು ಆ್ಯಪ್‌ನಲ್ಲೇ ಹೇಳುವುದು, ಮಿಕ್ಕಿದ್ದೆಲ್ಲ ಕೈಯಿಂದ ಕೈಗೆ ಎಂದು ಒಪ್ಪಂದವಾಯಿತು.

ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲಿಂದ ಅಕ್ಕನ ದನಿ ಮೂರು ಮಹಡಿಗೂ ಕೇಳಿತು. "ಐದಕ್ಕೆ ಐದು! ಪೂರ್ತಿ ಓದ್ತೀನಿ, ಕೇಳಿ!"

ಇಂಥ ಹೊತ್ತಿನಲ್ಲಿ ಯಾವಾಗಲೂ ಬಾಗಿಲು ಮುಚ್ಚಿಕೊಳ್ಳುತ್ತಿದ್ದ ಟೈಲರಮ್ಮ, ಈ ಸಲ ಇನ್ನೂ ಸ್ವಲ್ಪ ತೆರೆದಳು. ಹೊಗಳಿಕೆ ಕಿವಿಗೆ ಬಿದ್ದದ್ದೇ ತಡ, ದೊರೆ ಎರಡೂ ಕಣ್ಣು ಅರಳಿಸಿಕೊಂಡು ಔಷಧಿಗೆ ಮುಖ ಒಡ್ಡಿ ಕೂತ.