ಹತ್ತಕ್ಕೆ ಹತ್ತು

ಹದಿನಾಲ್ಕು ಮಂದಿ ವಿದ್ಯಾರ್ಥಿಗಳು, ಹದಿನಾಲ್ಕು ಜನಕ್ಕೂ ಹತ್ತಕ್ಕೆ ಹತ್ತು. ಬೆಳಿಗ್ಗೆ ಕಂಪ್ಯೂಟರ್ ತೆರೆದಾಗ ಕಂಡದ್ದು ಇದು.

ನಮ್ಮ ಕೇಂದ್ರದಲ್ಲಿ ಕಡಲಾಚೆಯ ಒಂದು ವಿಶ್ವವಿದ್ಯಾಲಯದ ಶಿಶುಶಿಕ್ಷಣದ ಪದವಿ ಕಲಿಸುತ್ತೇವೆ. ಪಾಠ ಅಲ್ಲಿಂದ ಬರುತ್ತದೆ, ಬೈಗುಳವೂ ಅಲ್ಲಿಂದಲೇ ಬರುತ್ತದೆ. ಎರಡನ್ನೂ ತಲೆಬಾಗಿ ತೆಗೆದುಕೊಳ್ಳುವ ಕೆಲಸ ನನ್ನದು. ಕಡೆಯ ಪ್ರಬಂಧಕ್ಕೆ ಅವರದೊಂದು ನಿಯಮವಿತ್ತು. ಪ್ರತಿಯೊಬ್ಬರೂ ಒಂದು ಮಗುವನ್ನು ಒಂದು ಗಂಟೆ ಗಮನಿಸಿ ಬರೆಯಬೇಕು. ಬರೆದದ್ದನ್ನು ಜೊತೆಯವರೊಬ್ಬರು, ಯಾರದೆಂದು ತಿಳಿಯದೆ, ಓದಿ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿ ತಪ್ಪು ತೋರಿಸಬೇಕು.

ನಮ್ಮವರು ತಪ್ಪು ತೋರಿಸಲಿಲ್ಲ. ನಿವೃತ್ತ ಸೈನಿಕ ‘ಅತ್ಯುತ್ತಮ’ ಎಂದು ಒಂದೇ ಪದ ಬರೆದಿದ್ದ. ಆಸ್ಪತ್ರೆಯ ಆಯಾ ‘ತಪ್ಪು ಹುಡುಕುವ ಯೋಗ್ಯತೆ ನನಗಿಲ್ಲ’ ಅಂದಿದ್ದಳು. ಬೇರೆ ದೇಶದಿಂದ ಬಂದು ನಮ್ಮ ಭಾಷೆ ಇನ್ನೂ ಕಲಿಯುತ್ತಿದ್ದ ಹತ್ತೊಂಬತ್ತರ ಹುಡುಗಿ ಮೂರು ನಕ್ಷತ್ರ ಬಿಡಿಸಿ ಕೈತೊಳೆದುಕೊಂಡಿದ್ದಳು.

ಸಂಜೆಯೊಳಗೆ ಪತ್ರ ಬಂತು. ಎಲ್ಲರೂ ಮಾತಾಡಿಕೊಂಡು ಅಂಕ ಹಂಚಿಕೊಂಡಿದ್ದಾರೆಂಬ ಶಂಕೆಯಿದೆ, ಮೂರು ವಾರದೊಳಗೆ ಮತ್ತೆ ಮಾಡದಿದ್ದರೆ ಇಡೀ ತರಗತಿ ಫೇಲು. ನನಗೆ ಮೈಯೆಲ್ಲ ಉರಿಯಿತು. ಮಾತಾಡಿಕೊಂಡು ಮಾಡಿದ್ದರೆ ಒಬ್ಬರಾದರೂ ಒಂಬತ್ತು ಹಾಕುವಷ್ಟು ತಲೆ ಓಡಿಸುತ್ತಿರಲಿಲ್ಲವೇ?

ಫೇಲಾದರೆ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವರು, ನಾವೆಲ್ಲ ದೊಡ್ಡ ಟೀಚರ್ ಎಂದು ಕರೆಯುವ ವಿದ್ಯಾರ್ಥಿನಿ. ಇಪ್ಪತ್ತೆರಡು ವರ್ಷದಿಂದ ಮನೆಯ ಕೆಳಮಹಡಿಯಲ್ಲಿ ಶಿಶುವಿಹಾರ ನಡೆಸುತ್ತಿದ್ದಾರೆ. ಹೊಸ ಕಾನೂನು ಬಂದಿದೆ. ಪರವಾನಗಿ ಯಾರ ಹೆಸರಲ್ಲಿದೆಯೋ ಅವರಿಗೆ ಪದವಿ ಇಲ್ಲದಿದ್ದರೆ ಮುಂದಿನ ತಿಂಗಳು ಬಾಗಿಲು ಹಾಕಬೇಕು. ಹಾಗಾಗಿ ಐವತ್ತು ದಾಟಿದ ಮೇಲೆ ಪುಸ್ತಕ ಹಿಡಿದರು, ಅಲ್ಲೇ ಕೆಲಸ ಮಾಡುವ ಸೊಸೆಯನ್ನೂ ಜೊತೆಗೆ ಎಳೆತಂದರು. ತರಗತಿಯಲ್ಲಿ ಸೊಸೆಗೆ ಸಣ್ಣ ಟೀಚರ್ ಎಂದು ಹೆಸರು.

ಶನಿವಾರ ತರಗತಿಯಲ್ಲಿ ಪತ್ರ ಓದಿ ಹೇಳಿದೆ.

“ಅಂಕ ಹಾಕೋದು ನಿಮ್ಮ ಕೆಲಸ ಅಲ್ವಾ ಸಾರ್?” ಅಂದ ಸೈನಿಕ. “ಸಂಬಳ ಬರೋದು ನಿಮಗೆ.”

“ಜೊತೇಲಿ ಕೂತು ಕಲಿಯೋರಿಗೆ ಕಡಿಮೆ ಹಾಕಿ, ನಾಳೆ ಮುಖ ಹೇಗೆ ನೋಡೋದು?” ಅಂದಳು ಆಯಾ.

ದೊಡ್ಡ ಟೀಚರ್ ಬೆನ್ನು ನೆಟ್ಟಗೆ ಮಾಡಿಕೊಂಡು, “ನಂದು ಚೆನ್ನಾಗಿತ್ತು, ಹತ್ತು ಕೊಟ್ಟರು. ಇದರಲ್ಲಿ ಶಂಕೆ ಎಲ್ಲಿಂದ ಬಂತು?” ಅಂದರು. ಪಕ್ಕದಲ್ಲಿ ಸೊಸೆ ಪೆನ್ನಿನ ಮುಚ್ಚಳ ತೆಗೆಯುವುದು ಹಾಕುವುದು ಮಾಡುತ್ತಿದ್ದಳು.

ಎಲ್ಲರೂ ಹೋದ ಮೇಲೆ ಅವಳು ಉಳಿದಳು. “ಸಾರ್, ಅತ್ತೆ ಬರೆದಿದ್ದು ನನ್ನ ಕೈಗೇ ಬಂದಿದೆ. ಹೆಸರಿಲ್ಲದಿದ್ರೂ ಗೊತ್ತಾಗುತ್ತೆ. ಅದರಲ್ಲಿರೋ, ನಲ್ಲಿ ಬಿಟ್ಟು ಬರದ ಮಗು ನಮ್ಮ ಶಿಶುವಿಹಾರದ್ದೇ.”

“ಚೆನ್ನಾಗಿಲ್ವಾ?”

“ಹೀಗೇ ಹೋದರೆ ಪರೀಕ್ಷಕರು ಫೇಲ್ ಮಾಡ್ತಾರೆ.”

“ಮತ್ತೆ ಅದನ್ನೇ ಬರೆಯಮ್ಮ.”

“ಆ ಮನೆಗೆ ಬಂದು ಹನ್ನೊಂದು ವರ್ಷ ಆಯ್ತು ಸಾರ್. ಅಡುಗೆಗೆ ಉಪ್ಪು ಜಾಸ್ತಿಯಾಗಿದೆ ಅಂತಲೂ ಒಂದು ದಿನ ಅಂದಿಲ್ಲ. ಈಗ ಹತ್ತಕ್ಕೆ ನಾಲ್ಕು ಅಂತ ಹೇಗೆ ಬರೀಲಿ?”

ನಾನೇನು ಕಮ್ಮಿಯೇ? ಕಡಲಾಚೆಯಿಂದ ಈ ಪದವಿ ನೋಡಿಕೊಳ್ಳುವ ಮೇಡಂಗೆ ನಿಮ್ಮ ನಿಯಮ ಇಲ್ಲಿ ನಡೆಯದು ಎಂದು ಆರು ವರ್ಷದಲ್ಲಿ ಒಮ್ಮೆಯೂ ಹೇಳಿದವನಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಕಾಯುತ್ತ ಕೂತವರಲ್ಲಿ ನಾನೇ ಮೊದಲಿಗ.

ಸೋಮವಾರ ವೀಡಿಯೊ ಕರೆಯಲ್ಲಿ ಹೇಳಿಯೇಬಿಟ್ಟೆ. ಇವರಿಗೆ ತಪ್ಪು ಕಾಣುತ್ತದೆ, ಆದರೆ ಜೊತೆಗಾರರಿಗೆ ಅಂಕ ಹಾಕುವುದು ಆಗುವುದಿಲ್ಲ. ಅಂಕ ತೆಗೆಯಿರಿ, ಪ್ರಶ್ನೆ ಬದಲಿಸಿ, ತಿದ್ದಿ ಬರೆಯಲು ಅವಕಾಶ ಕೊಡಿ.

ಮೇಡಂ ನಕ್ಕರು. ಆಮೇಲೆ, “ಇಲ್ಲಿಯ ನಮ್ಮ ವಿದ್ಯಾರ್ಥಿಗಳು ಎಲ್ಲರಿಗೂ ಏಳು ಹಾಕ್ತಾರೆ. ಯಾಕೆ ಅಂತ ನಮಗೂ ಗೊತ್ತಿಲ್ಲ. ಮಾಡಿ ನೋಡಿ,” ಅಂದರು. ಆರು ವರ್ಷ ಸುಮ್ಮನೆ ಹೆದರಿದ್ದಕ್ಕೆ ನನ್ನ ಮೇಲೇ ನಾಚಿಕೆಯಾಯಿತು.

ಹೊಸ ಹಾಳೆಯಲ್ಲಿ ಒಂದೇ ಪ್ರಶ್ನೆ ಹಾಕಿದೆ. ‘ಇದು ಮುಂದಿನ ವಾರ ಪರೀಕ್ಷಕರ ಕೈಗೆ ಹೋಗುತ್ತದೆ. ಬರೆದವರು ಪೆಟ್ಟು ತಿನ್ನದಿರಬೇಕಾದರೆ ಏನೇನು ಸರಿಮಾಡಬೇಕು?’ ಬರೆದವರು ಯಾವುದನ್ನು ಒಪ್ಪಿದರು, ಯಾವುದನ್ನು ಇಲ್ಲ ಎಂದು ತಿಳಿಸಲು ಕೆಳಗೆ ಜಾಗ ಬಿಟ್ಟೆ.

ಕಟ್ಟೆ ಒಡೆಯಿತು. ಜೊತೆಯವರನ್ನು ಕಾಪಾಡುವುದು ಅಂದಕೂಡಲೇ ಸೈನಿಕ ಎರಡು ಪುಟ ತುಂಬಿಸಿದ. ನಕ್ಷತ್ರದ ಹುಡುಗಿ, ಸೈನಿಕನ ಪ್ರಬಂಧದಲ್ಲಿ ‘ಶಿಸ್ತು’ ಮೂವತ್ತೊಂದು ಸಲ ಬಂದಿದೆ, ಮಗು ಎಂಬ ಪದ ಹನ್ನೆರಡೇ ಸಲ ಎಂದು ಎಣಿಸಿಕೊಟ್ಟಳು.

ಸಣ್ಣ ಟೀಚರ್ ಆರು ಅಂಶ ಬರೆದಿದ್ದಳು. ಆರನೆಯದು ಹೀಗಿತ್ತು: ‘ಈ ಒಂದು ಗಂಟೆಯಲ್ಲಿ ಟೀಚರ್ ನಲವತ್ತು ಸಲ ಮಾತಾಡಿದ್ದಾರೆ, ಮಗು ಒಮ್ಮೆಯೂ ಇಲ್ಲ. ಅದು ಮಾತು ಬಾರದ ಮಗುವಲ್ಲ. ಟೀಚರ್ ಇಲ್ಲದಾಗ ನಲ್ಲಿಯ ನೀರಿನ ಜೊತೆ ಮಾತಾಡುತ್ತದೆ.’

ಹಾಳೆಗಳು ಬರೆದವರ ಕೈ ಸೇರಿದ ಮೇಲೆ, ಮುಂದಿನ ಶನಿವಾರ ಅತ್ತೆ ಸೊಸೆ ಬೇರೆ ಬೇರೆ ಬಸ್ಸಿನಲ್ಲಿ ಬಂದು ಬೇರೆ ಬೇರೆ ಬೆಂಚಿನಲ್ಲಿ ಕೂತರು. “ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ,” ಎಂದು ಆಯಾ ಪಿಸುಗುಟ್ಟಿದಳು. ಬಾಯಿ ಮುಚ್ಚಮ್ಮ ಅಂದೆ. ಒಂದು ಪದವಿಗಾಗಿ ಒಂದು ಮನೆ ಮುರಿದೆನೇ? ಸೊಸೆ ಪಾಠದುದ್ದಕ್ಕೂ ತಲೆ ಎತ್ತಲಿಲ್ಲ.

ಕೊನೆಯ ದಿನ ಮಧ್ಯಾಹ್ನದವರೆಗೆ ಹದಿಮೂರು ಪ್ರಬಂಧ ಬಂದಿದ್ದವು. ದೊಡ್ಡ ಟೀಚರದ್ದು ಬಂದದ್ದು ನಾಲ್ಕು ಗಂಟೆಗೆ. ತಿದ್ದಿದ್ದಲ್ಲ, ಪೂರ್ತಿ ಹೊಸದು. ಅವರು ನಲ್ಲಿಯ ಪಕ್ಕ ಸಣ್ಣ ಸ್ಟೂಲು ಹಾಕಿಕೊಂಡು ಒಂದು ಗಂಟೆ ತುಟಿ ಬಿಚ್ಚದೆ ಕೂತಿದ್ದರು. ಮಗು ನೀರಿಗೆ ಹೇಳಿದ್ದನ್ನೆಲ್ಲ, ನಿಲ್ಲಿಸಿದ್ದನ್ನೂ ನಕ್ಕಿದ್ದನ್ನೂ ಬಿಡದೆ, ಬರೆದುಕೊಂಡಿದ್ದರು. ಇದನ್ನು ಫೇಲು ಮಾಡುವ ಪರೀಕ್ಷಕರು ಯಾವ ದೇಶದಲ್ಲೂ ಇರಲಾರರು, ಶಿಶುವಿಹಾರ ಉಳಿಯಿತು ಅಂದುಕೊಂಡೆ.

ಆಮೇಲೆ ಜೊತೆಗಿದ್ದ ಸೊಸೆಯ ಹಾಳೆಯ ಕೆಳಗಿನ ಜಾಗ ನೋಡಿದೆ. ಮೊದಲ ಐದಕ್ಕೆ ‘ಒಪ್ಪಿದೆ’ ಎಂದಷ್ಟೇ ಇತ್ತು. ಆರನೆಯದಕ್ಕೆ ಬರೆದಿದ್ದರು:

‘ಒಪ್ಪಿದೆ. ಇದನ್ನು ಬರೆದವಳು ಯಾರೆಂದು ನನಗೆ ಗೊತ್ತು. ಇಷ್ಟು ವರ್ಷ ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳುವುದಿಲ್ಲ. ಹೇಳಿದರೆ ಕೇಳುವ ಹಾಗೆ ನಾನು ಇರಲಿಲ್ಲ.’