ಒಂದೇ ನಂಬರಿನ ಕನ್ನಡಕ

ಅವಳಿ ಮಕ್ಕಳೆಂದರೆ ನೋಡುವವರಿಗೆಲ್ಲ ಚೆಂದ. ಒಂದೇ ಬಣ್ಣದ ಫ್ರಾಕು, ಒಂದೇ ಥರದ ಜಡೆ. ಗಲ್ಲ ಹಿಂಡಿ, ‘ಅಯ್ಯೋ ಮುದ್ದೇ’ ಎಂದು ಹೊರಟು ಹೋಗುವವರಿಗೆ ಒಳಗಿನ ಫಜೀತಿ ಏನು ಗೊತ್ತು? ಕನ್ನಡಕದ ಅಂಗಡಿಯವರ ಇಬ್ಬರು ಹೆಣ್ಣುಮಕ್ಕಳನ್ನು ಕೇಳಿದ್ದರೆ ಹೇಳುತ್ತಿದ್ದರೋ ಏನೋ. ಆದರೆ ಅವರನ್ನು ಬೇರೆಬೇರೆಯಾಗಿ ಕೂರಿಸಿ ಕೇಳಿದವರೇ ಇರಲಿಲ್ಲ.

ಮೊದಲು ಹುಟ್ಟಿದವಳ ಗದ್ದದ ಮೇಲೊಂದು ಮಚ್ಚೆ, ಅದಕ್ಕೇ ಅವಳು ಚುಕ್ಕಿ. ಅವಳ ಬೆನ್ನಿಗೇ ಬಂದವಳು ಪುಟ್ಟಿ. ಆ ಮಚ್ಚೆಯೊಂದು ಇರದಿದ್ದರೆ ಹೆತ್ತ ತಾಯಿಯೇ ತಬ್ಬಿಬ್ಬಾಗುತ್ತಿದ್ದಳು. ಒಂದೇ ಶಾಲೆ, ಒಂದೇ ಬೆಂಚು, ಈಗ ಒಂದೇ ಕಾಲೇಜಿನಲ್ಲಿ ಜೀವಶಾಸ್ತ್ರ. ಮೂಗಿನ ಮೇಲೆ ಕೂತ ಕನ್ನಡಕದ ನಂಬರೂ ಒಂದೇ. ‘ಏನು ಕೇಳಿದರೂ ಇಬ್ಬರ ಬಾಯಲ್ಲೂ ಒಂದೇ ಉತ್ತರ ನೋಡಿ’ ಎಂದು ಅಪ್ಪ ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದ.

ಆ ವರ್ಷ ಕಾಲೇಜಿನವರು ಕೆಲವು ವಿದ್ಯಾರ್ಥಿಗಳನ್ನು ಹೊರದೇಶಕ್ಕೆ ಓದಲು ಕಳಿಸುವವರಿದ್ದರು. ಆರಿಸಿಕೊಳ್ಳಲು ಮೂರು ಜಾಗ. ದೊಡ್ಡ ನಗರವೊಂದರ ಹೆಸರುವಾಸಿ ವಿಶ್ವವಿದ್ಯಾಲಯ, ಕಡಲ ತೀರದಲ್ಲಿ ಜಲಚರಗಳನ್ನು ಅಧ್ಯಯನ ಮಾಡುವ ಸಣ್ಣ ಕೇಂದ್ರ, ಬೆಟ್ಟದ ಮೇಲೆ ಬೀಜಗಳನ್ನು ಕಾಪಿಡುವ ಒಂದು ಸಂಸ್ಥೆ. ಊಟದ ಮೇಜಿನ ಮೇಲೆ ಅಪ್ಪ ಮೂರೂ ಜಾಗಗಳ ಪರಿಚಯ ಪತ್ರಿಕೆಗಳನ್ನು ಹರಡಿ ‘ಎಲ್ಲಿಗೆ?’ ಎಂದ. ಇಬ್ಬರ ಬೆರಳೂ ಒಟ್ಟಿಗೇ ದೊಡ್ಡ ನಗರದ ಮೇಲೆ ಹೋಗಿ ಕೂತಿತು. ಅಪ್ಪ ಅಮ್ಮನ ಕಡೆ ತಿರುಗಿ, ‘ನಾನು ಹೇಳಲಿಲ್ವಾ?’ ಎಂದು ಹುಬ್ಬು ಹಾರಿಸಿದ.

ದೊಡ್ಡ ನಗರ ಚುಕ್ಕಿಗೆ ನಿಜವಾಗಿ ಬೇಕಾಗಿರಲಿಲ್ಲ. ಅವಳ ಜೀವವೆಲ್ಲ ಇದ್ದದ್ದು ಆ ಕಡಲ ತೀರದಲ್ಲಿ. ನೀರು ಹಿಂದೆ ಸರಿದಾಗ ರಬ್ಬರ್ ಬೂಟು ಹಾಕಿಕೊಂಡು ಕಲ್ಲುಗಳನ್ನು ಎತ್ತಿ ಏಡಿ, ಚಿಪ್ಪು ಹುಡುಕುವವರ ಚಿತ್ರವನ್ನು ಅವಳು ಕದ್ದುಕದ್ದು ಎಷ್ಟು ಸಲ ನೋಡಿದ್ದಳೋ. ಅದಕ್ಕಿಂತ ದೊಡ್ಡ ಆಸೆ ಇನ್ನೊಂದಿತ್ತು, ಅದನ್ನು ತನಗೆ ತಾನೇ ಹೇಳಿಕೊಳ್ಳಲೂ ಅವಳು ಹೆದರುತ್ತಿದ್ದಳು. ಹುಟ್ಟಿದಾಗಿನಿಂದ ‘ಇನ್ನೊಬ್ಬಳೆಲ್ಲಿ?’ ಎಂದು ಕೇಳಿಸಿಕೊಂಡು ಅವಳಿಗೆ ಸಾಕಾಗಿ ಹೋಗಿತ್ತು. ಒಂದೇ ಒಂದು ಸಲ, ಯಾರೂ ಹಾಗೆ ಕೇಳದ ಊರಿನಲ್ಲಿ ಒಬ್ಬಳೇ ಇದ್ದು ನೋಡಬೇಕಿತ್ತು.

ಹೇಳುವುದು ಹೇಗೆ? ಪುಟ್ಟಿಗೆ ದೊಡ್ಡ ಊರಿನ ಹುಚ್ಚು ಎಂದು ಅವಳು ಯಾವಾಗಲೋ ತೀರ್ಮಾನ ಮಾಡಿಕೊಂಡಿದ್ದಳು. ‘ನಿನ್ನ ಬಿಟ್ಟು ಹೋಗ್ತೀನಿ’ ಅಂದರೆ ಪುಟ್ಟಿ ಅತ್ತು ಕರೆದು, ಕೊನೆಗೆ ತಾನೂ ಕಡಲಿಗೇ ಬರುತ್ತೇನೆಂದು ಗಂಟು ಬಿದ್ದಾಳು, ಇಲ್ಲವೇ ಮೂಲೆ ಹಿಡಿದು ಸೊರಗಿಯಾಳು. ಒಂದೆರಡು ಸಲ ಚುಕ್ಕಿ ಧೈರ್ಯ ಮಾಡಿ ಬಾಯಿ ತೆರೆದದ್ದೂ ಉಂಟು. ಅಷ್ಟರಲ್ಲಿ ಪುಟ್ಟಿ, “ಅಲ್ಲಿ ಇಬ್ಬರಿಗೂ ಒಂದೇ ರೂಮು ಕೊಡ್ತಾರಂತೆ ಕಣೇ” ಎಂದಳು. ಹೇಳಬೇಕೆಂದಿದ್ದ ಮಾತು ಹೊಟ್ಟೆಯೊಳಗೇ ಉಳಿಯಿತು.

ಅರ್ಜಿ ಕೊಡುವ ದಿನ ಬಂತು. ಜೊತೆಗೆ ಕಣ್ಣಿನ ಪರೀಕ್ಷೆಯ ಪ್ರಮಾಣಪತ್ರವೂ ಬೇಕಿತ್ತು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಲೇ ಅಪ್ಪ ಇಬ್ಬರನ್ನೂ ಹೊಸ ಮೆಷಿನ್ನಿನ ಮುಂದೆ ಕೂರಿಸಿದ. ಗದ್ದ ಊರಿ ಒಳಗೆ ನೋಡುತ್ತ ಕೂತರೆ ಸಾಕು, ಏನೂ ಕೇಳದೆ ಅದು ತಾನೇ ಕಣ್ಣು ಅಳೆದು ಚೀಟಿ ಉಗುಳುತ್ತಿತ್ತು. ಚುಕ್ಕಿಯದು ಹಳೆಯ ನಂಬರೇ ಬಂತು. ಪುಟ್ಟಿಯ ಚೀಟಿಯಲ್ಲಿ ಬೇರೆಯೇ ನಂಬರು ನೋಡಿ ಅಪ್ಪನ ಹಣೆ ಗಂಟಿಕ್ಕಿತು. ಗಾಜು ಒರೆಸಿ ಇನ್ನೊಮ್ಮೆ ನೋಡಿದ. ಮತ್ತೆ ಅದೇ.

“ತಂದು ವಾರ ಆಗಿಲ್ಲ, ಆಗಲೇ ಕೆಟ್ಟು ಕೂತಿದೆ! ಮಾರಿದವನ ಮುಖಕ್ಕಿಷ್ಟು!” ಎಂದು ಅಪ್ಪ ಶುರು ಹಚ್ಚಿದ.

ಫ್ರೇಮುಗಳನ್ನು ಜೋಡಿಸುತ್ತಿದ್ದ ಅಮ್ಮ, “ಮೊದಲು ನನ್ನ ಕಣ್ಣು ನೋಡಿ, ಆಮೇಲೆ ಬೈಯಿರಂತೆ” ಎಂದು ಬಂದು ಕೂತಳು. ಅಮ್ಮನ ನಂಬರು ಸರಿಯಾಗಿಯೇ ಬಂತು. ಮೆಷಿನ್ ಕೆಟ್ಟಿರಲಿಲ್ಲ.

ಆ ಅಂಗಡಿಯಲ್ಲೊಂದು ಕಟ್ಟುನಿಟ್ಟಾದ ಪದ್ಧತಿಯಿತ್ತು. ಒಬ್ಬರ ಕಣ್ಣು ನೋಡುವಾಗ ಜೊತೆಗೆ ಬಂದವರು ಪರದೆಯ ಆಚೆ ಕೂರಬೇಕು. ಇಲ್ಲದಿದ್ದರೆ ಗಂಡನ ಕಣ್ಣಿಗೆ ಹೆಂಡತಿ ಉತ್ತರ ಹೇಳುತ್ತಾಳೆ, ಮಗನ ಕಣ್ಣಿಗೆ ತಾಯಿ. ಊರಿಗೆಲ್ಲ ಈ ನಿಯಮ ಹಾಕಿದ ಮಹಾನುಭಾವ ಸ್ವಂತ ಮಕ್ಕಳಿಗೆ ಮಾತ್ರ ಹಾಕಿರಲಿಲ್ಲ. ಅವಳಿಗಳಲ್ಲವೇ, ಇಬ್ಬರನ್ನೂ ಅಕ್ಕಪಕ್ಕ ಕೂರಿಸಿಕೊಂಡು ಒಬ್ಬಳಾದ ಮೇಲೆ ಒಬ್ಬಳನ್ನು ಕೇಳಿ ಮುಗಿಸುತ್ತಿದ್ದ. ಅಂದು, ಬಾಯಲ್ಲೇ ಕೇಳಿ ನೋಡೋಣವೆಂದು, ಮೊದಲ ಸಲ, “ಚುಕ್ಕಿ, ನೀನು ಆಚೆ ಹೋಗು” ಎಂದ.

ಪರದೆಯ ಈಚೆಗೆ ನಿಂತ ಚುಕ್ಕಿಗೆ ಒಳಗಿನ ಮಾತೆಲ್ಲ ಕೇಳಿಸುತ್ತಿತ್ತು. ಅಪ್ಪ ಒಂದು ಗಾಜು ಹಾಕಿ, ಇನ್ನೊಂದು ಬದಲಾಯಿಸಿ, ದಿನವಿಡೀ ಹೇಳುವ ಅದೇ ದನಿಯಲ್ಲಿ ಕೇಳಿದ.

“ಇದರಲ್ಲಿ ಚೆನ್ನಾಗಿ ಕಾಣುತ್ತಾ, ಇದರಲ್ಲಾ?”

ಪುಟ್ಟಿ ಕುರ್ಚಿಯಲ್ಲಿ ಮಿಸುಕಾಡಿದ ಸದ್ದಾಯಿತು.

“ಹೇಳಮ್ಮಾ. ಇದಾ, ಅದಾ?”

“ಚುಕ್ಕಿ ಯಾವುದು ಅಂದಿದ್ಲು?” ಎಂದು ಪುಟ್ಟಿಯ ಬಾಯಿಂದ ಬಂದೇ ಬಿಟ್ಟಿತು.

ಒಳಗೆ ಏನೋ ಕೆಳಗೆ ಬಿದ್ದು ಟಣ್ ಎಂದಿತು. ಚುಕ್ಕಿ ಪರದೆ ಸರಿಸಿ ನುಗ್ಗಿದಳು. ಅಪ್ಪ ಬಿದ್ದ ಗಾಜನ್ನು ಎತ್ತುವುದನ್ನೂ ಮರೆತು, ಬಿಟ್ಟ ಬಾಯಿ ಬಿಟ್ಟಂತೆ ನಿಂತಿದ್ದ.

“ಇಷ್ಟು ವರ್ಷ ನನ್ನ ಉತ್ತರಾನೇ ಹೇಳ್ತಿದ್ಯೇನೇ?”

“ಹೂಂ” ಎಂದು ಪುಟ್ಟಿ ತಲೆ ತಗ್ಗಿಸಿದಳು. “ಮೊದಲನೇ ಸಲ ಕನ್ನಡಕ ಬಂದಾಗ ನೀನು ಎಷ್ಟು ಅತ್ತಿದ್ದೆ, ಜ್ಞಾಪಕ ಇಲ್ವಾ? ನನಗೆ ಬರಲಿಲ್ಲ ಅಂದ್ರೆ ಇನ್ನೂ ಅಳ್ತೀಯ ಅಂತ, ನೀನು ಹೇಳಿದ್ದನ್ನೇ ಹೇಳಿದೆ. ಆಮೇಲೆ ಹಾಗೇ ನಡ್ಕೊಂಡು ಬಂತು.”

“ಅದಕ್ಕೇನಾ ಯಾವಾಗ್ಲೂ ತಲೆನೋವು, ತಲೆನೋವು ಅಂತಿದ್ದಿದ್ದು!” ಎಂದು ಅಮ್ಮ ಹಣೆ ಚಚ್ಚಿಕೊಂಡಳು. ಅಪ್ಪ ಸ್ಟೂಲಿನ ಮೇಲೆ ಕುಸಿದು, “ನನ್ನ ಅಂಗಡಿಯಲ್ಲೇ... ನನ್ನ ಮಗಳಿಗೇ...” ಎಂದು ಗೊಣಗತೊಡಗಿದ. ಪಾಪ, ಆ ಹೊತ್ತಿನಲ್ಲಿ ಅವನನ್ನು ಸಮಾಧಾನ ಮಾಡುವವರು ಯಾರೂ ಇರಲಿಲ್ಲ.

ಚುಕ್ಕಿಗೆ ಸಿಟ್ಟೂ ಬಂತು, ಅಯ್ಯೋ ಪಾಪ ಎಂದೂ ಅನ್ನಿಸಿತು. ಅದರ ಹಿಂದೆಯೇ ಇನ್ನೊಂದು ಅನುಮಾನ ಬಂತು. “ಹಾಗಾದ್ರೆ ಆ ದೊಡ್ಡ ಊರು? ಅದೂ ಹೀಗೇನಾ?”

“ಅದು ನಿನಗೆ ಇಷ್ಟ ಅಲ್ವೇನೇ?”

“ನಿನಗೆ ಇಷ್ಟ ಅಂತ ಕಣೇ ನಾನು ಬೆರಳಿಟ್ಟಿದ್ದು!”

ಇಬ್ಬರೂ ಮುಖ ಮುಖ ನೋಡಿಕೊಂಡರು. ಈಗ ಹೇಳದಿದ್ದರೆ ಈ ಜನ್ಮದಲ್ಲಿ ಹೇಳುವುದಿಲ್ಲ ಎಂದು ಚುಕ್ಕಿಗೆ ಅನ್ನಿಸಿತು.

“ನನಗೆ ಕಡಲ ತೀರಕ್ಕೆ ಹೋಗಬೇಕು ಪುಟ್ಟಿ. ಬೇಜಾರು ಮಾಡ್ಕೋಬೇಡ. ಒಬ್ಬಳೇ ಹೋಗಬೇಕು.”

ಹೇಳಿ, ತಂಗಿಯ ತುಟಿ ನಡುಗುವುದನ್ನು, ಕಣ್ಣು ತುಂಬುವುದನ್ನು ಕಾಯುತ್ತ ನಿಂತಳು. ಅಪ್ಪಿಕೊಂಡು ಸಂತೈಸಲು ಕೈಯನ್ನೂ ಮುಂದೆ ಮಾಡಿದ್ದಳು.

“ಉಸ್ಸಪ್ಪಾ!” ಎಂದಳು ಪುಟ್ಟಿ.

ಎಂದವಳೇ ಕುರ್ಚಿಯಿಂದ ಚಂಗನೆ ಎದ್ದು, ಅಪ್ಪನ ಭುಜ ಹಿಡಿದು ಅಲುಗಾಡಿಸಿದಳು. “ಅಪ್ಪಾ, ನಾನು ಬೆಟ್ಟಕ್ಕೆ ಹೋಗ್ತೀನಿ! ಬೀಜಗಳ ಜಾಗಕ್ಕೆ! ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ರೂಮು ಕೊಡ್ತಾರಂತೆ, ಒಂದೊಂದು! ಇದನ್ನ ಇವಳಿಗೆ ಹೇಗಪ್ಪಾ ಹೇಳೋದು ಅಂತ ನಿದ್ದೆಗೆಟ್ಟು ಸತ್ತೆ ನಾನು!”

ಮುಂದೆ ಮಾಡಿದ್ದ ಕೈಯನ್ನು ಏನು ಮಾಡಬೇಕೆಂದು ಚುಕ್ಕಿಗೆ ತೋಚಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದದ್ದು ನಿಜ. ಆದರೆ ತಾನು ಬಿಟ್ಟು ಹೋಗುತ್ತೇನೆಂದರೆ ಕುಣಿಯುವುದೇ ಈ ಹುಡುಗಿ?

“ನನ್ನ ಬಿಟ್ಟಿರೋದು ಅಂದ್ರೆ ಅಷ್ಟೊಂದು ಖುಷಿನಾ ನಿನಗೆ?”

“ನಿಜ ಹೇಳ್ಲಾ?”

“ನಿಜಾನೇ ಹೇಳು. ಸುಳ್ಳು ಹೇಳಿದ್ದು ಸಾಕು.”

“ತುಂಬಾ ಖುಷಿ ಕಣೇ. ನಿನಗೆ?”

ಚುಕ್ಕಿ ಒಂದು ಗಳಿಗೆ ಮುಖ ಊದಿಸಿಕೊಂಡು ನೋಡಿದಳು. ಆಮೇಲೆ ತಡೆಯಲಾಗದೆ, “ನನಗೂ” ಎಂದು ನಕ್ಕೇಬಿಟ್ಟಳು. ನಗುತ್ತ ನಗುತ್ತ ಇಬ್ಬರಿಗೂ ಅಳು ಬಂತು. ಅಮ್ಮ ಇಬ್ಬರ ಬೆನ್ನಿಗೂ ಒಂದೊಂದು ಗುದ್ದು ಕೊಟ್ಟು, “ಎಲ್ಲಾನೂ ಜೋಡಿ ಜೋಡಿ ತಂದು ನನಗೂ ಸಾಕಾಗಿತ್ತು, ಹೋಗ್ರೇ” ಎಂದಳು.

ಮಧ್ಯಾಹ್ನ ಕಾಲೇಜಿನ ಕಚೇರಿಯಲ್ಲಿ ಒಂದೊಂದು ಊರಿಗೆ ಒಂದೊಂದು ಕಿಟಕಿ. ಚುಕ್ಕಿಯ ಸರದಿ ಬಂದಾಗ ಗುಮಾಸ್ತೆ ಅರ್ಜಿಯಿಂದ ತಲೆಯೆತ್ತಿ ಅವಳ ಮುಖ ನೋಡಿದರು. ಗುರುತು ಹಿಡಿದು, “ಇನ್ನೊಬ್ಬಳೆಲ್ಲಮ್ಮಾ?” ಎಂದರು.

“ಅವಳು ಬೇರೆ ಕಡೆ ಹೋಗ್ತಾಳೆ ಮೇಡಂ. ಇಲ್ಲಿಗೆ ನಾನೊಬ್ಬಳೇ.”

ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು. ಮೊಹರು ಬಿದ್ದೊಡನೆ ಅದನ್ನು ಹೇಳಲು ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದಳು. ಪಕ್ಕದಲ್ಲಿ ಯಾರೂ ಇರಲಿಲ್ಲ. ಆಚೆ ತುದಿಯ ಸಾಲಿನಲ್ಲಿ ಪುಟ್ಟಿ ಯಾವುದೋ ಗುರುತಿಲ್ಲದ ಹುಡುಗಿಯ ಜೊತೆ ಕೈ ಆಡಿಸುತ್ತ ಹರಟೆಗೆ ಬಿದ್ದಿದ್ದಳು, ಈ ಕಡೆ ತಿರುಗಿಯೂ ನೋಡಲಿಲ್ಲ. ಚುಕ್ಕಿಗೆ ಒಳಗೆಲ್ಲೋ ಒಂದಿಷ್ಟು ಚುರುಕ್ಕೆಂದಿತು. ಆಮೇಲೆ ಹಾಯೆನಿಸಿತು. ಅವಳನ್ನು ಕಾಯದೆ, ಕೂಗಿ ಕರೆಯದೆ, ಮೆಟ್ಟಿಲಿಳಿದು ಮನೆಯ ಕಡೆ ಹೊರಟಳು.