ಭಾನುಮತಿಯ ಗಡ್ಡೆಗಳು

ಚಿತಾಗಾರದ ಕುಲುಮೆಯ ಗುಂಡಿಯ ಮೇಲೆ ಒತ್ತಿಟ್ಟ ಚಂದ್ರಮೋಹನರ ಬೆರಳನ್ನು ಕೊನೆಗೆ ಮಗಳು ಪ್ರಗತಿಯೇ ಬಿಡಿಸಿದಳು. ಗಾಜಿನಾಚೆ ಹೆಂಡತಿ ಭಾನುಮತಿಯ ಶವಪೆಟ್ಟಿಗೆ ಒಳಗೆ ಸರಿದು ಉಕ್ಕಿನ ಬಾಗಿಲು ಮುಚ್ಚಿಯಾಗಿತ್ತು.

"ಅಪ್ಪಾ, ಇಟ್ಸ್ ಓವರ್. ಬಾ."

ಹ್ಯೂಸ್ಟನ್ನಿನಿಂದ ಪಕ್ಕದೂರು ಕೇಟಿಯಲ್ಲಿನ ತಮ್ಮ ಮನೆ ಸೇರುವಾಗ ಮಧ್ಯಾಹ್ನ ಒಂದು ದಾಟಿತ್ತು. ಹಿಂದಿನ ಬೀದಿಯ ವಸಂತಾ ಮನೆಯೆಲ್ಲ ಒರೆಸಿ, ಅನ್ನ ಸಾರು ಮಾಡಿಟ್ಟು ಕಾಯುತ್ತಿದ್ದಳು.

"ಸ್ನಾನ ಮಾಡ್ಕೊಂಡು ಬನ್ನಿ ಅಂಕಲ್. ಎರಡು ತುತ್ತಾದ್ರೂ ತಿನ್ನಿ."

ಸ್ನಾನ ಮುಗಿಸಿ ಬಂದವರು ಎಲೆಯ ಮುಂದೆ ಕೂರದೆ ಫ್ರಿಜ್ಜಿನ ಕೆಳಗಿನ ಡ್ರಾಯರ್ ಎಳೆದರು. ಖಾಲಿಯಾಗಿತ್ತು.

* * *

ಇಪ್ಪತ್ತು ವರ್ಷಗಳ ಹಿಂದೆ ಗಂಡ ಹೆಂಡತಿ ಇಬ್ಬರೂ ಆಫ್ರಿಕಾದ ಲೆಸೋಥೊದಲ್ಲಿ ಶಾಲೆಯ ಮೇಷ್ಟರು. ಒಮ್ಮೆ ಬೆಟ್ಟದ ಹುಲ್ಲಿಗೆ ಬೆಂಕಿ ಬಿತ್ತು. ಹತ್ತು ದಿನಕ್ಕೆ ಆ ಕರಿ ಇಳಿಜಾರಿನ ತುಂಬ ಬರಿದಂಟಿನ ಮೇಲೆ ಕೆಂಪು ಹೂ. ಭಾನುಮತಿ ಸೀರೆ ಎತ್ತಿ ಕಟ್ಟಿ ಬೂದಿಯಲ್ಲೇ ಮಂಡಿಯೂರಿದಳು.

"ಇದನ್ನ ಯಾರೂ ನೆಟ್ಟಿಲ್ಲ ಕಣ್ರೀ."

ಅಷ್ಟು ಹಿಗ್ಗಿದ ಅವಳನ್ನು ಅವರು ಮದುವೆಯ ದಿನವೂ ಕಂಡಿರಲಿಲ್ಲ.

ಅಲ್ಲಿಂದ ತಂದ ಆ ಹೂವಿನ ಬೀಜ ಕೇಟಿಯ ಕುಂಡಗಳಲ್ಲಿ ವರ್ಷಗಳು ಕಳೆದು ಹನ್ನೊಂದು ಗಡ್ಡೆಯಾಯಿತು. ಇಲ್ಲಿನ ಸೆಕೆಗೆ ಎಲೆ ಬರುತ್ತಿತ್ತೇ ಹೊರತು ಹೂವಿಲ್ಲ. ಬೆಟ್ಟದ ಚಳಿ ಹೀಗಾದರೂ ಸಿಗಲಿ ಎಂದು ಪ್ರತಿ ಚಳಿಗಾಲ ಗಡ್ಡೆ ಕಿತ್ತು, ಕಾಗದ ಸುತ್ತಿ ಫ್ರಿಜ್ಜಿನಲ್ಲಿಡುತ್ತಿದ್ದಳು. ಒಂಬತ್ತು ವರ್ಷ.

ಹೋದ ವಾರ ಆಸ್ಪತ್ರೆಯಲ್ಲಿ ಆಕ್ಸಿಜನ್ ಮಾಸ್ಕ್ ಪಕ್ಕಕ್ಕೆ ಸರಿಸಿ ಹೇಳಿದ್ದು ಅದನ್ನೇ. "ಮಾರ್ಚಿಗೆ ಕುಂಡಕ್ಕೆ ಹಾಕಿ. ಮರೀತೀರ ನೀವು."

"ಮರೆಯಲ್ಲ," ಎಂದಿದ್ದರು.

* * *

"ಇಲ್ಲಿದ್ದದ್ದು ಎಲ್ಲಿ?"

"ಈರುಳ್ಳಿನಾ ಅಂಕಲ್? ಸೂತಕದ ಮನೇಲಿ ಇರಬಾರ್ದು ಅಂತ ನಮ್ಮತ್ತೆ ಫೋನಲ್ಲಿ ಹೇಳಿದ್ರು. ಒಣಗೂ ಹೋಗಿದ್ವು. ಕಸಕ್ಕೆ ಹಾಕ್ಬಿಟ್ಟೆ."

ಹೊರಗೆ ಕಸದ ಲಾರಿಯ ಸದ್ದು. ಚಂದ್ರಮೋಹನರು ಒದ್ದೆ ಪಂಚೆಯಲ್ಲೇ, ಬರಿಗಾಲಲ್ಲಿ ಓಡಿದರು. ಲಾರಿ ಆಗಲೇ ಎರಡು ಮನೆ ದಾಟಿತ್ತು. ಕೈ ಬೀಸಿದ್ದು ಕಂಡು ಡ್ರೈವರ್ ನಿಲ್ಲಿಸಿ ಇಳಿದ. ಇವರ ಇಂಗ್ಲಿಷು ಬಾಯಿಗೆ ಬರಲಿಲ್ಲ. ಲಾರಿಯ ಹಿಂಭಾಗ ತೋರಿಸಿದರು. ಅವನು ತಲೆಯಾಡಿಸಿ, ಒಳಗೆಲ್ಲ ಅಪ್ಪಚ್ಚಿಯಾಗಿದೆ ಎಂಬಂತೆ ಎರಡು ಅಂಗೈಗಳನ್ನು ಒಂದಕ್ಕೊಂದು ಅದುಮಿ ತೋರಿಸಿದ.

ವಸಂತಾ ಏದುಸಿರು ಬಿಡುತ್ತ ಬಂದಳು. ಬೆಳಗಿನಿಂದ ಅತ್ತು ಅವಳ ಕಣ್ಣು ಬಾತಿತ್ತು.

"ಏನಾದ್ರೂ ಬೇಕಾಗಿದ್ದು ಹೋಯ್ತಾ ಅಂಕಲ್?"

"ಇಲ್ಲಮ್ಮ. ಈರುಳ್ಳಿನೇ."

ಹಿಂತಿರುಗಿ ಬಂದು, ರಸ್ತೆ ಬದಿಯ ತಮ್ಮ ಖಾಲಿ ಕಸದ ಡಬ್ಬಿಯ ಹಿಡಿ ಹಿಡಿದು, ಮನೆಯತ್ತ ತಿರುಗದೆ ಎಳೆದುಕೊಂಡು ಹೊರಟರು.

"ಅಪ್ಪಾ," ಹಿಂದಿನಿಂದ ಪ್ರಗತಿ ಕೂಗಿದಳು, "ಅವರ್ ಹೌಸ್ ಇಸ್ ಹಿಯರ್."

ಡಬ್ಬಿಯ ಗಾಲಿಗಳು ಗಡಗಡನೆ ಮುಂದಕ್ಕೇ ಉರುಳುತ್ತಿದ್ದವು.